ಕೂಲರಿನಲ್ಲಿ ಬಿಯರ್ ಮ್ಯಾಶ್ ಮಾಡಲು ತಾಮ್ರದ ಪೈಪಿನ ಮ್ಯಾನಿಫೋಲ್ಡ್ ನಾನೇ ಮಾಡಿಕೊಳ್ಳಬಹುದಾ? ಬೆಸುಗೆ ಹಾಕಲೇಬೇಕಾ?

ಮಾಡಿಕೊಳ್ಳಬಹುದು. ಬೆಸುಗೆ ಬೇಡ. ಹಾಕದಿದ್ದರೇ ಒಳ್ಳೆಯದು, ಯಾಕೆಂದು ಮುಂದೆ ಹೇಳುತ್ತೇನೆ.

ನೀವು ಬರೆದದ್ದರಿಂದ ನನಗೆ ಅರ್ಥವಾದದ್ದು ಇಷ್ಟು. ಅಮೆರಿಕದಲ್ಲಿದ್ದೀರಿ. ಇಲ್ಲಿವರೆಗೆ ಡಬ್ಬದಲ್ಲಿ ಸಿಗುವ ಮಾಲ್ಟ್ ಪಾಕದಿಂದ ಮನೆಯಲ್ಲಿ ಬಿಯರ್ ಮಾಡುತ್ತಿದ್ದಿರಿ, ಈಗ ಕಾಳಿನಿಂದಲೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾಲ್ಟಿನಿಂದಲೇ ಮಾಡುವ ಆಸೆ. ಗ್ಯಾರೇಜಿನಲ್ಲಿ 48 ಕ್ವಾರ್ಟಿನ, ಅಂದರೆ ಸುಮಾರು 45 ಲೀಟರಿನ ಚೌಕದ ಪಿಕ್ನಿಕ್ ಕೂಲರ್, ಬಿಸಿ-ತಂಪು ಕಾಯುವ ಪೆಟ್ಟಿಗೆ, ಬಿದ್ದಿದೆ. ಅದರಲ್ಲಿ ಬಿಸಿನೀರಿಗೆ ಮಾಲ್ಟ್ ಕಲಸಿಟ್ಟು ಸಿಹಿ ಬಿಡಿಸಬೇಕು, ಅದೇ ಮ್ಯಾಶ್. ಆಮೇಲೆ ತಳದಲ್ಲಿಟ್ಟ ಸೀಳು ಕೊಯ್ದ ಪೈಪಿನ ಜಾಲದಿಂದ, ಅಂದರೆ ಮ್ಯಾನಿಫೋಲ್ಡಿನಿಂದ, ರಸ ಬಸಿಯಬೇಕು. ಎಷ್ಟು ಸೀಳು, ಸೀಳು ಮೇಲಕ್ಕಾ ಕೆಳಕ್ಕಾ, ಬೆಸುಗೆ ಬೇಕಾ ಎಂಬುದು ಪ್ರಶ್ನೆ. ನಾನು ಮಿಷಿಗನ್‌ನಲ್ಲಿದ್ದೇನೆ. ಇಂಥದ್ದೇ ಕೂಲರಿನಲ್ಲಿ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮಾಡಿದ ತಪ್ಪುಗಳೂ ನೆನಪಿವೆ, ಅದನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಸೋಸುವುದು ತಾಮ್ರವಲ್ಲ, ಕಾಳಿನ ಹೊಟ್ಟು. ನಮ್ಮ ಕಾಫಿ ಫಿಲ್ಟರನ್ನೇ ನೋಡಿ. ಕೆಳಗಿನ ತೂತುಗಳು ಪುಡಿಗಿಂತ ದೊಡ್ಡವು, ಆದರೂ ಡಿಕಾಕ್ಷನ್ ತಿಳಿಯಾಗಿ ಇಳಿಯುತ್ತದೆ. ಪುಡಿಯೇ ಪುಡಿಗೆ ಜರಡಿ. ಇಲ್ಲೂ ಅಷ್ಟೇ. ಬಾರ್ಲಿಯ ಹೊಟ್ಟು ಒಂದರ ಮೇಲೊಂದು ಕೂತು ಹಾಸಾಗುತ್ತದೆ, ಸಿಹಿರಸ ಅದರ ನಡುವೆ ಇಳಿದು ಬರುತ್ತದೆ. ಈ ರಸಕ್ಕೆ ಇಲ್ಲಿನವರು ವರ್ಟ್ ಎನ್ನುತ್ತಾರೆ. ಪೈಪಿನ ಕೆಲಸ ಎರಡೇ: ಹಾಸು ಕೊಚ್ಚಿಹೋಗದಂತೆ ತಡೆಯುವುದು, ತಳದ ಎಲ್ಲ ಕಡೆಯಿಂದ ಸಮನಾಗಿ ರಸ ಎಳೆಯುವುದು. ಇಷ್ಟು ಗೊತ್ತಿದ್ದರೆ ಸೀಳಿನ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ. ನೂರಾದರೂ ಸರಿ, ಎಪ್ಪತ್ತಾದರೂ ಸರಿ.

ಪೈಪು ಅರ್ಧ ಇಂಚಿನದು ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚು ಎಂದು ಕೊಡುವುದರ ಹೊರ ಅಳತೆ 5/8 ಇಂಚು ಇರುತ್ತದೆ. ಅಳೆದು ನೋಡಿ ತಪ್ಪು ಕೊಟ್ಟರು ಅಂದುಕೊಳ್ಳಬೇಡಿ. ಗೋಡೆ ತೆಳುವಾದದ್ದು, ಮೈಮೇಲೆ ಕೆಂಪು ಅಕ್ಷರ ಇರುವ ಟೈಪ್ ಎಂ ಸಾಕು. ನೀಲಿ ಅಕ್ಷರದ ಟೈಪ್ ಎಲ್ ದಪ್ಪ, ಕೊಯ್ಯುವಾಗ ಕೈ ಸುಮ್ನೆ ಸೋಲುತ್ತದೆ. 10 ಅಡಿಯ ಒಂದು ಪೈಪು ತಂದರೆ ಮಿಗುತ್ತದೆ.

ನನ್ನ ಕೂಲರಿನ ತಳ ಸುಮಾರು 21 ಇಂಚು ಉದ್ದ, 11 ಇಂಚು ಅಗಲ. ಉದ್ದಕ್ಕೆ ಮೂರು ಪೈಪು ಹಾಕಿದೆ. ಪೈಪಿನಿಂದ ಪೈಪಿಗೆ 3 ಮುಕ್ಕಾಲು ಇಂಚು, ಅಂಚಿನ ಪೈಪಿನಿಂದ ಗೋಡೆಗೆ 1 ಮುಕ್ಕಾಲು ಇಂಚು. ಗೋಡೆಯ ಕಡೆ ಅರ್ಧದಷ್ಟೇ ಜಾಗ ಬಿಟ್ಟದ್ದು ಬೇಕೆಂದೇ. ಎರಡು ಪೈಪುಗಳ ನಡುವಿನ ಜಾಗವನ್ನು ಎರಡೂ ಹಂಚಿಕೊಂಡು ಬಸಿಯುತ್ತವೆ, ಗೋಡೆ ಕಡೆಯ ಜಾಗಕ್ಕೆ ಒಂದೇ ಪೈಪು. ಇನ್ನೂ ಹತ್ತಿರ ಇಟ್ಟರೆ, ಕೊನೆಗೆ ಸಿಹಿ ತೊಳೆದು ತೆಗೆಯಲು ಮೇಲಿಂದ ಬಿಡುವ ನೀರು ಕಾಳಿನೊಳಗೆ ಇಳಿಯದೆ ನುಣುಪಾದ ಗೋಡೆಗುಂಟ ಜಾರಿ ಸೀದಾ ಪೈಪಿಗೆ ಬರುತ್ತದೆ. ಕಾಳಿನಲ್ಲಿದ್ದ ಸಿಹಿ ಅಲ್ಲೇ ಉಳಿಯುತ್ತದೆ.

ಮೂರು ಪೈಪನ್ನೂ ಹೊರದಾರಿಗೆ ಸೇರಿಸುವಾಗ ನಡುವಿನದಕ್ಕೆ ನಾಲ್ಕು ಬಾಯಿಯ ಜೋಡಣೆ ಬೇಕಲ್ಲ ಎನಿಸುತ್ತದೆ. ತಾಮ್ರದಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ನಾನು ಮೂರು ಅಂಗಡಿ ಸುತ್ತಿದೆ. ಆಮೇಲೆ ಹೊಳೆದದ್ದು ಹೀಗೆ. ನಾಲ್ಕು ಮೂಲೆಗೆ ನಾಲ್ಕು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ) ಹಾಕಿ ಒಂದು ಚೌಕಟ್ಟು ಮಾಡಿ. ವಾಲ್ವಿನ ಕಡೆಯ ಅಡ್ಡಪೈಪಿನ ನಡುವೆ ಒಂದು ಟೀ, ಅಂದರೆ T ಆಕಾರದ ಮೂರು ಬಾಯಿಯ ಜೋಡಣೆ, ಅದು ಹೊರದಾರಿ. ಎದುರು ಬದಿಯ ಅಡ್ಡಪೈಪಿನ ನಡುವೆ ಇನ್ನೊಂದು ಟೀ, ನಡುವಿನ ಪೈಪು ಅಲ್ಲಿಂದ ಹೊರಟು ವಾಲ್ವಿನ ಕಡೆಗೆ ಬರಲಿ. ಅದರ ತುದಿಗೆ ಒಂದು ಮುಚ್ಚಳ. ಒಟ್ಟು 4 ಎಲ್ಬೋ, 2 ಟೀ, 1 ಮುಚ್ಚಳ. ಮುಗಿಯಿತು.

ಸೀಳುಗಳನ್ನು ಉದ್ದದ ಮೂರು ಪೈಪಿಗೆ ಮಾತ್ರ ಹಾಕಿ, ಅಡ್ಡಪೈಪಿಗೆ ಬೇಡ. ಅರ್ಧ ಇಂಚಿಗೊಂದರಂತೆ, ಪೈಪಿನ ಹೊರ ಅಳತೆಯ ಮೂರರಲ್ಲಿ ಒಂದು ಪಾಲು ಆಳ ಸಾಕು. ಅರ್ಧಕ್ಕಿಂತ ಆಳ ಹೋದರೆ ಪೈಪು ಕೈಯಲ್ಲೇ ಬಾಗುತ್ತದೆ. ನನ್ನದರಲ್ಲಿ ತೊಂಬತ್ತರ ಹತ್ತಿರ ಆದವು. ಹ್ಯಾಕ್ಸಾ ಬ್ಲೇಡು ಹಲ್ಲು ಸಣ್ಣಗಿರುವುದು ಬೇಕು, ಇಂಚಿಗೆ 32 ಹಲ್ಲಿನದು. ಪೈಪನ್ನು ವೈಸಿನಲ್ಲಿ ಬಿಗಿಯುವಾಗ ಎರಡು ಕಡೆ ಮರದ ತುಂಡು ಇಡಿ, ಇಲ್ಲದಿದ್ದರೆ ಚಪ್ಪಟೆಯಾಗುತ್ತದೆ. ಒಂದು ಸಂಜೆಯ ಕೆಲಸ, ಬೇಜಾರಿನ ಕೆಲಸ. ಕ್ರಿಕೆಟ್ ಕಾಮೆಂಟರಿ ಹಾಕಿಕೊಂಡು ಕೂತುಬಿಡಿ. ಕೊಯ್ದಾದ ಮೇಲೆ ಒಳಗೆ ತಾಮ್ರದ ಚೂಪು ಸಿಪ್ಪೆಗಳು ನಿಂತಿರುತ್ತವೆ. ಹೊರಗೆ ಅರ ಹಾಕಿ, ಒಳಗೆ ಬಾಟಲಿ ತೊಳೆಯುವ ಬ್ರಷ್ ನಾಲ್ಕು ಸಲ ಆಡಿಸಿ.

ಸೀಳು ಕೆಳಮುಖವಾಗಿರಬೇಕು. ನಾನು ಮೊದಲ ಸಲ ಮೇಲ್ಮುಖವಾಗಿಟ್ಟೆ. ರಸ ಮೇಲಿಂದ ಬರುತ್ತದೆ, ಬಾಯಿಯೂ ಮೇಲಿರಲಿ ಎಂಬ ಬುದ್ಧಿವಂತಿಕೆ! ಪೈಪಿನ ಎತ್ತರದಷ್ಟು ರಸ ತಳದಲ್ಲೇ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಕಾಳಿನ ಚೂರುಗಳು ನೆಟ್ಟಗೆ ಸೀಳಿನೊಳಗೆ ಬಿದ್ದು ಕೂತವು. ಕೆಳಮುಖವಾಗಿದ್ದರೆ ಈ ಎರಡೂ ತಾಪತ್ರಯ ಇಲ್ಲ.

ಈಗ ಬೆಸುಗೆಯ ವಿಷಯ. ಒಳಗಿನ ಜೋಡಣೆಗಳಿಂದ ರಸ ಸೋರಿದರೆ ಏನಾಯಿತು? ಅದು ರಸದೊಳಗೇ ಮುಳುಗಿದೆ. ಸೋರುವುದೂ ಸೀಳಿನಂತೆಯೇ ಇನ್ನೊಂದು ದಾರಿ ಅಷ್ಟೇ. ಬದಲಿಗೆ ಬೆಸುಗೆ ಹಾಕಿದರೆ ಒಳಗೆ ಸಿಕ್ಕಿಕೊಂಡ ಕಾಳನ್ನು ತೆಗೆಯಲು ಆಗುವುದಿಲ್ಲ. ಸಿಹಿ ಅಂಟಿದ ಕಾಳು ಎರಡು ದಿನದಲ್ಲಿ ಯಾವ ವಾಸನೆ ಬರುತ್ತದೆ ಎಂದು ದೋಸೆಹಿಟ್ಟು ಮರೆತು ಊರಿಗೆ ಹೋದವರಿಗೆ ಗೊತ್ತಿರುತ್ತದೆ. ಬಿಚ್ಚಿ ತೊಳೆಯುವಂತಿರಬೇಕು.

ಆದರೆ ಬರೀ ಸಿಕ್ಕಿಸಿ ಬಿಟ್ಟರೆ ಇನ್ನೊಂದು ತೊಂದರೆ ಇದೆ, ಅದನ್ನೂ ಅನುಭವಿಸಿದ್ದೇನೆ. ಮ್ಯಾಶ್ ಕಲಸುವಾಗ ಸೌಟು ತಾಗಿ ಒಂದು ಎಲ್ಬೋ ಕಳಚಿಕೊಂಡಿತು. ಗೊತ್ತಾದದ್ದು ವಾಲ್ವ್ ತಿರುಗಿಸಿದಾಗ. ಗಂಜಿಯಂತೆ ಕಾಳೇ ಬಂತು, ಆಮೇಲೆ ಅದೂ ನಿಂತಿತು. 67 ಡಿಗ್ರಿ ಬಿಸಿಯ ಐದು ಕೆಜಿ ಕಾಳನ್ನು ಬಕೆಟ್ಟಿಗೆ ತೋಡಿ, ಪೈಪು ಸರಿಮಾಡಿ, ಮತ್ತೆ ಸುರಿದೆ. ಅಂದಿನಿಂದ ಪೈಪಿನ ತುದಿಯನ್ನು ಇಕ್ಕಳದಲ್ಲಿ ಒಂಚೂರು ಅದುಮಿ, ದುಂಡಗಿನದನ್ನು ಕೂದಲೆಳೆಯಷ್ಟು ಮೊಟ್ಟೆಯಾಕಾರ ಮಾಡಿ ಸಿಕ್ಕಿಸುತ್ತೇನೆ. ಬಿಗಿಯಾಗಿ ಕೂರುತ್ತದೆ, ತಿರುಚಿ ಎಳೆದರೆ ಬರುತ್ತದೆ. ಮೂಲೆಯಿಂದ ಮೂಲೆಗೆ ತಾಮ್ರದ ತಂತಿ ಕಟ್ಟುವವರೂ ಇದ್ದಾರೆ.

ಗಾಳಿ ಆಡದಂತೆ ಭದ್ರವಾಗಿರಬೇಕಾದ ಜಾಗ ಒಂದೇ: ಮ್ಯಾನಿಫೋಲ್ಡಿನಿಂದ ವಾಲ್ವಿಗೆ ಹೋಗುವ ದಾರಿ. ಕೂಲರಿನ ತೂತು ತಳಕ್ಕಿಂತ ಒಂದು ಇಂಚಿನಷ್ಟು ಮೇಲಿರುತ್ತದೆ. ರಸದ ಮಟ್ಟ ತೂತಿಗಿಂತ ಕೆಳಗೆ ಇಳಿದ ಮೇಲೂ ಹರಿಯಬೇಕಾದರೆ ಸೈಫನ್ ಆಗಬೇಕು, ಅಂದರೆ ತುಂಬಿದ ಕೊಳವೆಯ ಎಳೆತಕ್ಕೆ ರಸ ತೂತಿನ ಮಟ್ಟಕ್ಕೆ ಏರಿ ಹರಿಯಬೇಕು. ಮಧ್ಯೆ ಎಲ್ಲೋ ಗಾಳಿ ಎಳೆದುಕೊಂಡರೆ ಅದು ಅಲ್ಲಿಗೇ ನಿಲ್ಲುತ್ತದೆ. ನಾನು ಇಲ್ಲಿ ಮಾಡಿದ್ದು ಸುಲಭದ್ದು. ಕೂಲರಿನ ಹಳೆಯ ಪ್ಲಾಸ್ಟಿಕ್ ನಲ್ಲಿಯನ್ನು ಕಿತ್ತು ತೆಗೆದೆ. ಆ ತೂತಿಗೆ ಅರ್ಧ ಇಂಚಿನ ನಿಪ್ಪಲ್ (ಎರಡು ತುದಿಗೂ ಸ್ಕ್ರೂವಿನಂತೆ ಮರೆ ಇರುವ ಗಿಡ್ಡ ಪೈಪು) ತೂರಿಸಿ, ಎರಡೂ ಕಡೆ ಸಿಲಿಕಾನ್ ವಾಶರ್ ಕೊಟ್ಟು, ಹೊರಗೆ ಬಾಲ್ ವಾಲ್ವ್ ಹಾಕಿದೆ. ಮರೆಗೆ ಬಿಳಿ ಟೇಪು ಸುತ್ತಿದೆ. ಒಳತುದಿಗೆ ಹೋಸ್ ಸಿಕ್ಕಿಸುವ ಮೂತಿ. ಅಲ್ಲಿಂದ ಮ್ಯಾನಿಫೋಲ್ಡಿನ ಟೀಗೆ ಸಿಕ್ಕಿಸಿದ ಪೈಪಿನ ತುಂಡಿಗೆ ಗೇಣುದ್ದಕ್ಕಿಂತ ಕಡಿಮೆ ಸಿಲಿಕಾನ್ ಹೋಸ್, ಎರಡು ತುದಿಗೂ ಸ್ಟೀಲ್ ಕ್ಲ್ಯಾಂಪ್. ಮೊದಲು ಕ್ಲ್ಯಾಂಪ್ ಇಲ್ಲದಿದ್ದಾಗ ಎರಡು ಲೀಟರ್ ತಳದಲ್ಲಿ ಉಳಿಯುತ್ತಿತ್ತು, ಈಗ ಅರ್ಧ ಲೀಟರ್. ಸಾಮಾನ್ಯ ವಿನೈಲ್ ಹೋಸ್ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗುತ್ತದೆ, ಅದು ಬೇಡ. ಬಿಳಿ ಪಿವಿಸಿ ಪೈಪೂ ಬೇಡ, ಅದರ ಮಿತಿ 60 ಡಿಗ್ರಿ ಸೆಲ್ಸಿಯಸ್. ನಿಮ್ಮ ಮ್ಯಾಶ್ ಅದಕ್ಕಿಂತ ಬಿಸಿ.

ಎಲ್ಲಾದರೂ ಬೆಸುಗೆ ಹಾಕಲೇಬೇಕೆಂದರೆ ಸೀಸವಿಲ್ಲದ ತಂತಿಯನ್ನೇ ತನ್ನಿ. ಕುಡಿಯುವ ನೀರಿನ ಪೈಪಿಗೆ ಸೀಸದ ಬೆಸುಗೆಯನ್ನು ಅಮೆರಿಕ 1986ರಲ್ಲೇ ನಿಷೇಧಿಸಿತು. ಹಳೆ ಮನೆ ಕೊಂಡಿದ್ದರೆ ಗ್ಯಾರೇಜಿನ ಕಪಾಟಿನಲ್ಲಿ 50/50 ಎಂದು ಬರೆದ ಹಳೆಯ ಸುರುಳಿ ಸಿಗಬಹುದು. ಅದರಲ್ಲಿ ಅರ್ಧ ಸೀಸ. ಮುಟ್ಟಬೇಡಿ. ಹಿತ್ತಾಳೆಯ ವಾಲ್ವ್ ಕೊಳ್ಳುವಾಗಲೂ ಸೀಸರಹಿತ ಎಂಬ ಗುರುತು ನೋಡಿ, ಅಥವಾ ಸ್ಟೀಲಿನದೇ ಇರಲಿ.

ತಾಮ್ರ ವಿಷವಲ್ಲವಾ ಎಂದೂ ಕೇಳಿದ್ದೀರಿ. ಹೊಳೆಯುವ ತಾಮ್ರದಿಂದ ತೊಂದರೆಯಿಲ್ಲ. ವರ್ಟಿಗೆ ಸೇರುವ ಒಂಚೂರು ತಾಮ್ರ ಯೀಸ್ಟಿಗೆ ಬೇಕಾದದ್ದೇ, ಗಂಧಕದ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಹಸಿರು ಕಿಲುಬು ಮಾತ್ರ ಒಳಗೆ ಹೋಗಬಾರದು. ನಮ್ಮವರಿಗೆ ಇದನ್ನು ಹೇಳಿಕೊಡಬೇಕಾ? ಹುಳಿಯನ್ನು ತಾಮ್ರದ ಪಾತ್ರೆಯಲ್ಲಿಡಬಾರದು ಎಂದು ಕಲಾಯಿ ಹಾಕಿಸುತ್ತಿದ್ದ ಮನೆಗಳಿಂದ ಬಂದವರು ನಾವು. ಇಲ್ಲಿನವರು ಬಿಳಿ ವಿನೆಗರಿನಲ್ಲಿ ನೆನೆಸುತ್ತಾರೆ. ನನ್ನ ಅಮ್ಮ ಬಂದಿದ್ದಾಗ ಇದೇನೋ ಪೂಜೆಗೆ ಸಂಬಂಧಪಟ್ಟದ್ದು ಎಂದುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ಬೆಳಗಿಟ್ಟಿದ್ದರು. ವಿನೆಗರಿಗಿಂತ ಚೆನ್ನಾಗಿ ಹೊಳೆಯುತ್ತಿತ್ತು. ಅದು ಯಾತಕ್ಕೆ ಎಂದು ನಾನು ಹೇಳಲಿಲ್ಲ. ನಾರು ಸೀಳಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸೋಸಿದ ಹುಳಿನೀರು ಬಳಸಿ, ಚೆನ್ನಾಗಿ ತೊಳೆದು ಒಣಗಿಸಿ ಇಡಿ.

ಇಷ್ಟೆಲ್ಲ ಸರಿಯಿದ್ದರೂ ರಸ ಇಳಿಯದೆ ಕೂರುವುದುಂಟು. ಆಗ ಎಲ್ಲರೂ ಪೈಪನ್ನು ಬೈಯುತ್ತಾರೆ, ತಪ್ಪು ಬಹುಮಟ್ಟಿಗೆ ಬೀಸಿದ್ದರಲ್ಲಿರುತ್ತದೆ. ನಾನು ಮೊದಲ ಸಲ ಮಾಲ್ಟನ್ನು ಮನೆಯ ಮಿಕ್ಸಿಗೆ ಹಾಕಿದ್ದೆ. ಹಿಟ್ಟಾಯಿತು, ಹೊಟ್ಟೂ ಪುಡಿಯಾಯಿತು, ಕೂಲರಿನಲ್ಲಿ ಅಂಬಲಿ ಕಾಸಿದಂತಾಯಿತು. ಹಿಟ್ಟಲ್ಲ, ನುಚ್ಚು ಬೇಕು. ಕಾಳು ಮೂರು ನಾಲ್ಕು ಚೂರಾಗಬೇಕು, ಹೊಟ್ಟು ಇಡಿಯಾಗಿ ಉಳಿಯಬೇಕು. ರೋಲರ್ ಗಿರಣಿಯಾದರೆ ಸಂದು ಸುಮಾರು 1 ಮಿಲಿಮೀಟರ್. ಮಾಲ್ಟ್ ಮಾರುವ ಅಂಗಡಿಯಲ್ಲೇ ಬೀಸಿಸಿಕೊಂಡರೆ ಸುಲಭ. ಗೋಧಿ ಜಾಸ್ತಿ ಹಾಕುವ ಬಿಯರ್ ಆದರೆ ಗೋಧಿಗೆ ಹೊಟ್ಟಿಲ್ಲ, ಎರಡು ಹಿಡಿ ಭತ್ತದ ಉಮಿ ಸೇರಿಸಬೇಕು. ಊರಲ್ಲಿ ರೈಸ್ ಮಿಲ್ಲಿನ ಹಿಂದೆ ಗುಡ್ಡೆ ಬಿದ್ದಿರುವ ಉಮಿಯನ್ನು ಇಲ್ಲಿ ಪೊಟ್ಟಣದಲ್ಲಿ ದುಡ್ಡು ಕೊಟ್ಟು ತರುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನನ್ನ ಲೆಕ್ಕ ಹೀಗಿದೆ. 5 ಗ್ಯಾಲನ್ (ಸುಮಾರು 19 ಲೀಟರ್) ಬಿಯರಿಗೆ 5 ಕೆಜಿ ಮಾಲ್ಟ್, 14 ಲೀಟರ್ ನೀರು. ಕೂಲರಿಗೆ ಮೊದಲು ಕುದಿನೀರು ಸುರಿದು ಹತ್ತು ನಿಮಿಷ ಬಿಸಿ ಮಾಡಿ ಚೆಲ್ಲುತ್ತೇನೆ. ಆಮೇಲೆ 74 ಡಿಗ್ರಿಯ ನೀರಿಗೆ ಮಾಲ್ಟ್ ಸುರಿದು ಗಂಟಿಲ್ಲದಂತೆ ಕಲಸಿದರೆ 67ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಂದು ಗಂಟೆ ಮುಚ್ಚಿಡುವುದು. ವಾಲ್ವನ್ನು ಕಾಲು ಭಾಗ ಮಾತ್ರ ತೆರೆಯಿರಿ. ಪೂರ್ತಿ ತೆರೆದರೆ ಹಾಸು ಅದುಮಿಕೊಂಡು ಗಟ್ಟಿಯಾಗುತ್ತದೆ, ಕಾಫಿಪುಡಿಯನ್ನು ಬಲವಾಗಿ ಒತ್ತಿದ ಫಿಲ್ಟರಿನಂತೆ. ಮೊದಲ ಎರಡು ಮೂರು ಲೀಟರ್ ಕಲಕಾಗಿರುತ್ತದೆ, ಅದನ್ನು ಮೆಲ್ಲಗೆ ಮೇಲಿಂದ ವಾಪಸ್ ಸುರಿಯಿರಿ. ತಿಳಿಯಾದ ಮೇಲೆ ಪಾತ್ರೆಗೆ ಬಿಡಿ.

ಕೊನೆಗೆ ಒಂದು ನಿಜ ಹೇಳಿಬಿಡುತ್ತೇನೆ. ಉಳಿದ ಸಿಹಿಯನ್ನು ತೊಳೆದು ತೆಗೆಯಲು ಎರಡು ದಾರಿ. ಮೇಲಿಂದ 75 ಡಿಗ್ರಿ ನೀರನ್ನು ಮುಕ್ಕಾಲು ಗಂಟೆ ಸಣ್ಣಗೆ ಬಿಡುತ್ತ ಕೆಳಗಿಂದ ಅಷ್ಟೇ ನಿಧಾನಕ್ಕೆ ತೆಗೆಯುವುದು ಒಂದು. ಈ ಪೈಪಿನ ಅಂತರದ ಲೆಕ್ಕವೆಲ್ಲ ಅದಕ್ಕಾಗಿ. ಇನ್ನೊಂದು, ಪೂರ್ತಿ ಬಸಿದು, ಅಷ್ಟೂ ಬಿಸಿನೀರನ್ನು ಒಂದೇ ಸಲ ಸುರಿದು, ಕಲಸಿ, ಮತ್ತೆ ಬಸಿಯುವುದು. ಇದರಲ್ಲಿ ಸಿಹಿ ಎಲ್ಲ ಕಡೆ ಸಮನಾಗಿ ಬೆರೆತಿರುತ್ತದೆ, ಯಾವ ಮೂಲೆಯಿಂದ ಎಳೆದರೂ ಒಂದೇ. ನೀವು ಈ ಎರಡನೆಯ ದಾರಿ ಹಿಡಿಯುವುದಾದರೆ ವಾಶ್‌ಬೇಸಿನ್ ಕೆಳಗಿನ ಸ್ಟೀಲ್ ಜಾಲರಿ ಹೋಸಿನ ಒಳಗಿನ ರಬ್ಬರ್ ಕೊಳವೆ ಎಳೆದು ತೆಗೆದು, ಒಂದು ತುದಿ ಮಡಿಸಿ ಬಿಗಿದು ಸಿಕ್ಕಿಸಿದರೂ ನಡೆಯುತ್ತದೆ. ಅರ್ಧ ಗಂಟೆಯ ಕೆಲಸ. ನಾನೂ ಈಗ ಹೆಚ್ಚಾಗಿ ಎರಡನೆಯ ದಾರಿಯಲ್ಲೇ ಮಾಡುವುದು. ಆದರೂ ತಾಮ್ರದ್ದನ್ನು ತೆಗೆದಿಲ್ಲ. ಕೈಯಾರೆ ತೊಂಬತ್ತು ಸೀಳು ಕೊಯ್ದದ್ದು, ಬಿಡಲು ಮನಸ್ಸು ಬರುವುದಿಲ್ಲ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಊರಿನವರು ಓದುತ್ತಾರೆ ಎಂದು ಹೇಳುತ್ತೇನೆ. ಅಮೆರಿಕದಲ್ಲಿ 1978ರ ಕಾಯ್ದೆಯಿಂದ ಇದಕ್ಕೆ ಅವಕಾಶವಿದೆ. ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಪರಾಧ, ಅಲ್ಲಿ ಪ್ರಯತ್ನಿಸಬೇಡಿ.

ಪೈಪು ಜೋಡಿಸಿದ ದಿನವೇ ಮಾಲ್ಟ್ ಹಾಕಬೇಡಿ. ಮೊದಲು ಹತ್ತು ಲೀಟರ್ ಬಿಸಿನೀರು ಸುರಿದು ವಾಲ್ವ್ ತೆರೆಯಿರಿ. ನಿಂತ ಮೇಲೆ ತಳದಲ್ಲಿ ಉಳಿದದ್ದನ್ನು ಲೋಟದಲ್ಲಿ ಅಳೆಯಿರಿ. ಒಂದು ಲೀಟರಿಗಿಂತ ಜಾಸ್ತಿ ಇದ್ದರೆ ಆ ಹೋಸಿನ ಕ್ಲ್ಯಾಂಪನ್ನು ಇನ್ನೊಂದು ಸುತ್ತು ಬಿಗಿ ಮಾಡಿ.