ಮಾರ್ಮನ್ ಟೆಂಪಲ್ ಮದುವೆಗೆ ಹೆತ್ತವರನ್ನೂ ಒಳಗೆ ಬಿಡುವುದಿಲ್ಲವೇ? ಹೆಣ್ಣಿಗೆ ಇದರಿಂದ ಏನಾಗುತ್ತದೆ?

ನಿಮ್ಮ ತಂಗಿ ಅಮೆರಿಕದ ಯೂಟಾದಲ್ಲಿ ಓದುತ್ತಿದ್ದಾಳೆ, ಅಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗನನ್ನು ಮೆಚ್ಚಿಕೊಂಡಿದ್ದಾಳೆ. ಅವರ ಟೆಂಪಲ್ ಮದುವೆ ಸತ್ತ ಮೇಲೂ ಮುಗಿಯುವುದಿಲ್ಲವಂತೆ, ಹೆತ್ತವರನ್ನೇ ಒಳಗೆ ಸೇರಿಸುವುದಿಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ಎರಡೂ ನಿಜ, ಒಳಗೆ ಹೋಗಲು ಅನುಮತಿ ಇರುವ ಹೆತ್ತವರನ್ನು ಬಿಟ್ಟು. ನಾನು ಸಾಲ್ಟ್ ಲೇಕ್ ಸಿಟಿಯ ಹತ್ತಿರ ಹನ್ನೆರಡು ವರ್ಷದಿಂದ ಇದ್ದೇನೆ. ಆ ಮತದವಳಲ್ಲ. ಆದರೆ ನಮ್ಮ ಬೀದಿಯಲ್ಲಿ ಜಾಸ್ತಿ ಮನೆಗಳು ಅವರದ್ದೇ. ಅವರ ಮದುವೆ, ಸಾವು, ಬಾಣಂತನ ಎಲ್ಲಕ್ಕೂ ಹೋಗಿ ಬಂದಿದ್ದೇನೆ. ಹಾಗಾಗಿ ಕಂಡದ್ದನ್ನು, ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ.

ಅವರಲ್ಲಿ ಚರ್ಚ್ ಬೇರೆ, ಟೆಂಪಲ್ ಬೇರೆ. ಭಾನುವಾರದ ಚರ್ಚಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಟೆಂಪಲ್ ಭಾನುವಾರ ಮುಚ್ಚಿರುತ್ತದೆ. ಉಳಿದ ದಿನ ಒಳಗೆ ಹೋಗಲು 'ರೆಕಮೆಂಡ್' ಎಂಬ ಚೀಟಿ ಬೇಕು. ಆ ಚರ್ಚಿನ ಮುಖ್ಯಸ್ಥರಾದ ಬಿಷಪ್ ಒಮ್ಮೆ, ಅಂಥ ಹಲವು ಚರ್ಚುಗಳನ್ನು ನೋಡಿಕೊಳ್ಳುವ ಸ್ಟೇಕ್ ಪ್ರೆಸಿಡೆಂಟ್ ಕಡೆಯವರು ಇನ್ನೊಮ್ಮೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನಂಬಿಕೆ ಇದೆಯಾ, ಆದಾಯದಲ್ಲಿ ಹತ್ತನೇ ಒಂದು ಪಾಲು ಕೊಡುತ್ತಿದ್ದೀರಾ, ಕಾಫಿ, ಟೀ, ಮದ್ಯ, ತಂಬಾಕು ಮುಟ್ಟುವುದಿಲ್ಲವಲ್ಲ, ಮದುವೆಯ ಹೊರಗೆ ಸಂಬಂಧ ಇಲ್ಲವಲ್ಲ. ಎಲ್ಲಕ್ಕೂ ಸರಿಯಾದ ಉತ್ತರ ಕೊಟ್ಟರೆ ಚೀಟಿ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಇದೇ ಸಂದರ್ಶನ.

ಮದುವೆಗೆ ಅವರು ಹೇಳುವ ಹೆಸರು 'ಸೀಲಿಂಗ್'. ಗಂಡ ಹೆಂಡತಿಯನ್ನು ಈ ಬದುಕಿಗೂ, ಮುಂದಿನ ಅನಂತ ಕಾಲಕ್ಕೂ ಕೂಡಿಸುವುದು. ಹುಟ್ಟುವ ಮಕ್ಕಳೂ ತಾವಾಗಿಯೇ ಆ ಬಂಧಕ್ಕೆ ಸೇರುತ್ತಾರೆ. ನಮ್ಮಲ್ಲೂ ಏಳೇಳು ಜನ್ಮದ ನಂಟು ಅಂತೀವಿ, ಅಲ್ವಾ? ಆದರೆ ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ. ಇವರಲ್ಲಿ ಅದಕ್ಕೆ ದಾಖಲೆ ಇದೆ, ನಿಯಮ ಇದೆ, ರದ್ದು ಮಾಡಲು ಅರ್ಜಿ ಇದೆ. ಸ್ವರ್ಗದಲ್ಲಿ ಮೂರು ಹಂತ ಎಂದು ನಂಬುತ್ತಾರೆ. ಎಲ್ಲಕ್ಕಿಂತ ಮೇಲಿನ ಜಾಗ ಹೀಗೆ ಸೀಲ್ ಆದವರಿಗೆ ಮಾತ್ರ.

ಹೊಸ ಟೆಂಪಲ್ ಕಟ್ಟಿದಾಗ ಪ್ರತಿಷ್ಠೆಗೆ ಮೊದಲು ಕೆಲವು ವಾರ ಎಲ್ಲರನ್ನೂ ಒಳಗೆ ಬಿಡುತ್ತಾರೆ. 2016ರ ಚಳಿಗಾಲದಲ್ಲಿ ಪ್ರೋವೋ ಸಿಟಿ ಸೆಂಟರ್ ಟೆಂಪಲ್ ಹಾಗೆ ತೆರೆದಾಗ ನಾನೂ ಹೋಗಿದ್ದೆ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸಾಲಾಗಿ ನಡೆದೆವು. ಸೀಲಿಂಗ್ ಕೋಣೆ ಚಿಕ್ಕದು. ನಡುವೆ ಮೆತ್ತೆ ಹಾಕಿದ ಪೀಠ. ಅದರ ಆಚೆ ಈಚೆ ಹುಡುಗ ಹುಡುಗಿ ಮಂಡಿಯೂರಿ ಕೈ ಹಿಡಿಯುತ್ತಾರೆ. ಎದುರುಬದುರು ಗೋಡೆಗೆ ದೊಡ್ಡ ಕನ್ನಡಿಗಳು. ನಡುವೆ ನಿಂತರೆ ನಿಮ್ಮ ಬಿಂಬ ಒಂದರೊಳಗೊಂದು ಹೋಗುತ್ತಾ ಹೋಗುತ್ತಾ ಮುಗಿಯುವುದೇ ಇಲ್ಲ. ನನ್ನ ಜೊತೆಗಿದ್ದ ಪಕ್ಕದ ಮನೆಯವರು, ಅರವತ್ತು ದಾಟಿದ ಹೆಂಗಸು, ಕನ್ನಡಿ ನೋಡುತ್ತಾ ನಿಂತೇಬಿಟ್ಟರು. ಮದುವೆಯಾದ ದಿನ ಅವರೂ ಇಂಥದ್ದೇ ಕೋಣೆಯಲ್ಲಿ ಮಂಡಿಯೂರಿದ್ದರು. ಈಗ ಅವರ ಬಳಿ ಆ ಚೀಟಿ ಇರಲಿಲ್ಲ. ನಂಬಿಕೆ ಸಡಿಲವಾಗಿತ್ತು. ಸುಳ್ಳು ಹೇಳಿ ಚೀಟಿ ತೆಗೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ.

ಅದೇ ವರ್ಷ ಅವರ ದೊಡ್ಡ ಮಗಳ ಮದುವೆ ಇನ್ನೊಂದು ಟೆಂಪಲ್‌ನಲ್ಲಿ ಆಯಿತು. ಅಂಗಡಿಯಲ್ಲಿ ಸಿಕ್ಕ ಬಿಳಿ ಗೌನಿಗೆ ತೋಳಿರಲಿಲ್ಲ, ಟೆಂಪಲ್‌ಗೆ ತೋಳು ಬೇಕೇ ಬೇಕು. ಒಂದು ವಾರ ರಾತ್ರಿ ಕೂತು ಲೇಸಿನ ತೋಳು ಹೊಲಿದವರು ಈ ಅಮ್ಮನೇ. ಮದುವೆಯ ದಿನ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅವರ ತೊಡೆಯ ಮೇಲೆ ಒಂದು ಚೀಲ. ಅದರಲ್ಲಿ ಬಾಚಣಿಗೆ, ಪಿನ್ನು, ಅದೇ ಬಣ್ಣದ ದಾರ ಸುತ್ತಿದ ಸೂಜಿ. ಒಳಗೆ ತೋಳು ಹರಿದರೆ ಯಾರು ಹೊಲಿಯುತ್ತಾರೆ ಎಂದು ಎರಡು ಸಲ ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಬಾಗಿಲು ತೆರೆದು ಮಗಳು ನಗುತ್ತಾ ಹೊರಗೆ ಬಂದಾಗ ಎಲ್ಲರೂ ಫೋಟೋ ತೆಗೆದರು. ಇವರು ಮಾತ್ರ ಮೊದಲು ತೋಳಿನ ಹೊಲಿಗೆ ಮುಟ್ಟಿ ನೋಡಿದರು.

ಆಗ ಅಮೆರಿಕದಲ್ಲಿ ಮೊದಲು ಹೊರಗೆ ಸಿವಿಲ್ ಮದುವೆ ಮಾಡಿಕೊಂಡರೆ ಸೀಲಿಂಗ್‌ಗೆ ಒಂದು ವರ್ಷ ಕಾಯಬೇಕಿತ್ತು. ಕಾದರೆ ಊರವರು ಏನೋ ತಪ್ಪು ನಡೆದಿದೆ ಎಂದು ಕಣ್ಣು ಬಿಡುತ್ತಿದ್ದರು. ಹಾಗಾಗಿ ಮಕ್ಕಳು ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಒಳಗೆ ಹೋಗುತ್ತಿದ್ದರು. 2019ರ ಮೇನಲ್ಲಿ ಚರ್ಚ್ ಈ ನಿಯಮ ತೆಗೆದುಹಾಕಿತು. ಈಗ ಬೆಳಿಗ್ಗೆ ಎಲ್ಲರ ಮುಂದೆ ಮದುವೆಯಾಗಿ ಮಧ್ಯಾಹ್ನ ಟೆಂಪಲ್‌ಗೆ ಹೋಗಬಹುದು. ಪಕ್ಕದ ಮನೆಯ ಎರಡನೇ ಮಗಳು ಹಿತ್ತಲಲ್ಲೇ ಮದುವೆಯಾದಳು, ಅಮ್ಮ ಮುಂದಿನ ಸಾಲಲ್ಲಿ ಕೂತರು. ಇಷ್ಟು ವರ್ಷ ಹೊರಗೆ ಕೂತ ತಾಯಂದಿರಿಗೆ ಯಾರೂ ಕ್ಷಮೆ ಕೇಳಲಿಲ್ಲ ಎಂಬ ಬೇಸರ ನನಗೆ ಇನ್ನೂ ಇದೆ.

ಈಗ ಹೆಣ್ಣಿನ ವಿಷಯ. ನನ್ನ ಮಟ್ಟಿಗೆ ಹೊರಗೆ ಕೂರಿಸುವುದಕ್ಕಿಂತ ಇದು ದೊಡ್ಡದು.

ಹೆಂಡತಿ ಸತ್ತರೆ ಗಂಡ ಇನ್ನೊಬ್ಬಳನ್ನು ಮದುವೆಯಾಗಿ ಅವಳ ಜೊತೆಗೂ ಸೀಲ್ ಆಗಬಹುದು. ಆಗ ಅವನಿಗೆ ಆ ಲೋಕದಲ್ಲಿ ಇಬ್ಬರು ಹೆಂಡಿರು. ಗಂಡ ಸತ್ತರೆ ಹೆಂಡತಿ ಮತ್ತೆ ಮದುವೆಯಾಗಬಹುದು, ಆದರೆ ಬದುಕಿರುವವರೆಗೆ ಸೀಲ್ ಒಬ್ಬನ ಜೊತೆ ಮಾತ್ರ. ಎರಡನೆಯವನ ಜೊತೆ ಬೇಕೆಂದರೆ ಮೊದಲಿನದನ್ನು ರದ್ದು ಮಾಡಿಸಬೇಕು. ಅದಕ್ಕೆ ಸಾಲ್ಟ್ ಲೇಕ್‌ನಲ್ಲಿರುವ, ಇಡೀ ಚರ್ಚಿನ ಮೇಲಿನ ಪ್ರಥಮ ಅಧ್ಯಕ್ಷ ಮಂಡಳಿಯ ಒಪ್ಪಿಗೆ ಬೇಕು. ರದ್ದಾಗದಿದ್ದರೆ ಎರಡನೇ ಗಂಡನಿಂದ ಹುಟ್ಟುವ ಮಕ್ಕಳೂ ಮೊದಲ ಸೀಲಿಂಗ್‌ನ ಬಂಧದಲ್ಲೇ ಹುಟ್ಟಿದವರು ಎಂಬ ಲೆಕ್ಕ.

ಇದನ್ನು ಓದಿ ಸುಮ್ನೆ ಮುಂದೆ ಹೋಗಬೇಡಿ. ಮೂವತ್ತರ ಆಸುಪಾಸಿನಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ನನಗೆ ಗೊತ್ತು. ಎರಡು ಪುಟ್ಟ ಮಕ್ಕಳು. ಒಳ್ಳೆಯವನೊಬ್ಬ ಮದುವೆಗೆ ಮುಂದೆ ಬಂದ. ನಾಲ್ಕು ತಿಂಗಳ ಓಡಾಟದ ಮೇಲೆ ಅವನು ಕೇಳಿದ್ದು ಒಂದೇ ಮಾತು: ನನಗೆ ಹುಟ್ಟುವ ಮಕ್ಕಳು ಅಲ್ಲಿ ಯಾರ ಮಕ್ಕಳು? ಅವಳು ಏನು ಹೇಳಬೇಕು? ರದ್ದು ಮಾಡಿಸಿದರೆ ಸತ್ತ ಗಂಡನನ್ನು ಕೈಬಿಟ್ಟ ಹಾಗೆ. ಮಾಡಿಸದಿದ್ದರೆ ಬದುಕಿರುವವನನ್ನು ಬಾಡಿಗೆಗೆ ಇಟ್ಟುಕೊಂಡ ಹಾಗೆ. ಆ ಸಂಬಂಧ ನಿಂತುಹೋಯಿತು. ಇದೇ ಸ್ಥಿತಿಯಲ್ಲಿರುವ ಗಂಡಸಿಗೆ ಈ ಇಕ್ಕಟ್ಟು ಬರುವುದೇ ಇಲ್ಲ. ಹೆಣ್ಣು ಸತ್ತ ಮೇಲೆ, ಗಂಡಂದಿರೆಲ್ಲ ಸತ್ತ ಮೇಲೆ, ಮದುವೆಯಾಗಿದ್ದ ಎಲ್ಲರ ಜೊತೆಗೂ ಅವಳನ್ನು ಸೀಲ್ ಮಾಡಬಹುದು ಎಂಬ ಅವಕಾಶವೇನೋ ಇದೆ. ಬದುಕಿರುವವಳಿಗೆ ಅದರಿಂದ ಏನು ಪ್ರಯೋಜನ?

ಈ ಅಸಮಾನತೆ ಎಲ್ಲಿಂದ ಬಂತು ಎಂದರೆ ಬಹುಪತ್ನಿತ್ವದಿಂದ. ಚರ್ಚ್ ಕಟ್ಟಿದ ಜೋಸೆಫ್ ಸ್ಮಿತ್ 1843ರಲ್ಲಿ ಬರೆಸಿದ ದೈವವಾಣಿಯಲ್ಲಿ ಅನಂತ ಕಾಲದ ಮದುವೆಯೂ ಬಹುಪತ್ನಿತ್ವವೂ ಒಟ್ಟಿಗೇ ಇವೆ. ಅದು ಇವತ್ತಿಗೂ ಅವರ ಪವಿತ್ರ ಗ್ರಂಥದ 132ನೇ ಅಧ್ಯಾಯ. ಸ್ಮಿತ್ ಅವರ ಹೆಂಡಿರಲ್ಲಿ ಒಬ್ಬಳಿಗೆ ಇನ್ನೂ 15 ತುಂಬಿರಲಿಲ್ಲ ಎಂದು ಚರ್ಚ್ ತಾನೇ 2014ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಪ್ಪಿಕೊಂಡಿದೆ. ಬಹುಪತ್ನಿತ್ವವನ್ನು 1890ರಲ್ಲಿ ಕೈಬಿಟ್ಟರು. ಈಗ ಬದುಕಿರುವ ಇಬ್ಬರನ್ನು ಮದುವೆಯಾದರೆ ಚರ್ಚಿನಿಂದ ಹೊರಗೆ ಹಾಕುತ್ತಾರೆ. ನಿಂತದ್ದು ಈ ಲೋಕದಲ್ಲಿ. ಆ ಲೋಕದ ಲೆಕ್ಕದಲ್ಲಿ ಉಳಿದೇ ಇದೆ. ಚರ್ಚಿನ ಹಿರಿಯ ನಾಯಕ ಡಾಲಿನ್ ಓಕ್ಸ್ ಅವರೇ ಮೊದಲ ಹೆಂಡತಿ ತೀರಿಕೊಂಡ ಮೇಲೆ ಎರಡನೆಯವರ ಜೊತೆ ಸೀಲ್ ಆದವರು. 2019ರ ಅಕ್ಟೋಬರ್ ಸಮ್ಮೇಳನದಲ್ಲಿ ಅವರು ಒಬ್ಬ ಹೆಂಗಸಿನ ಪತ್ರದ ಬಗ್ಗೆ ಹೇಳಿದರು. ಅವಳು ಮದುವೆಯಾಗಬೇಕಿದ್ದವನಿಗೆ ತೀರಿಕೊಂಡ ಮೊದಲ ಹೆಂಡತಿ ಇದ್ದಳು. ಆ ಲೋಕದಲ್ಲಿ ನನಗೆ ನನ್ನದೇ ಮನೆ ಇರುತ್ತದೆಯೇ, ಮೂವರೂ ಒಟ್ಟಿಗೇ ಇರಬೇಕೇ ಎಂದು ಕೇಳಿದ್ದಳು. ಸಭೆ ನಕ್ಕಿತು. ದೇವರನ್ನು ನಂಬು ಎಂದು ಅವಳಿಗೆ ಹೇಳಿದೆ ಎಂದರು ಓಕ್ಸ್. ನಮ್ಮ ಬೀದಿಯ ಇಬ್ಬರು ಹೆಂಗಸರು ಆ ಭಾಷಣ ಕೇಳಿ ನಗಲಿಲ್ಲ. ತಾವು ಮೊದಲು ಸತ್ತರೆ ಏನು ಎಂದು ಅವರು ಯೋಚಿಸುತ್ತಾರೆ. ದಿನಾ ಪಾತ್ರೆ ತೊಳೆಯುವಾಗ ಯೋಚಿಸುತ್ತಾರೆ. ಇದು ನಗುವ ಮಾತಲ್ಲ.

ಟೆಂಪಲ್ ವಿಧಿಯ ಮಾತುಗಳೂ ಬದಲಾಗುತ್ತಾ ಬಂದಿವೆ. 1990ರವರೆಗೆ ಹೆಣ್ಣು ಗಂಡನಿಗೆ ವಿಧೇಯಳಾಗಿರುವ ಪ್ರತಿಜ್ಞೆ ಮಾಡಬೇಕಿತ್ತು. ಆಮೇಲೆ ಅದನ್ನು ಗಂಡನ ಮಾತಿಗೆ ಕಿವಿಗೊಡುವುದು ಎಂದು ಮೃದು ಮಾಡಿದರು. 2019ರ ಜನವರಿಯಲ್ಲಿ ಅದನ್ನೂ ತೆಗೆದರು. ನನಗೆ ಇದು ದೊಡ್ಡ ವಿಷಯ. ಹೆಂಗಸರು ಒಳಗೇ ಇದ್ದು, ಅತ್ತು, ಪತ್ರ ಬರೆದು, ಕಾದು ನೋಡಿದ ಫಲ ಎಂದೇ ನಾನು ನಂಬುತ್ತೇನೆ.

ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ನಂಬಿಕೆ ಜೀವ ಹಿಡಿದು ನಿಲ್ಲಿಸುವುದನ್ನೂ ನೋಡಿದ್ದೇನೆ. ಆರು ವರ್ಷದ ಮಗನನ್ನು ಕಳೆದುಕೊಂಡ ದಂಪತಿ ಮನೆಗೆ ಹೋಗಿದ್ದೆ. ಗೋಡೆಯ ಮೇಲಿನ ಕುಟುಂಬದ ಫೋಟೋದಲ್ಲಿ ಅವನು ಇನ್ನೂ ಇದ್ದ, ಮಾತಿನಲ್ಲೂ ಇದ್ದ. ನಮಗೆ ಐದು ಮಕ್ಕಳು ಎಂದೇ ಆ ತಾಯಿ ಹೇಳುತ್ತಾರೆ. ಅವರಿಗೆ ಈ ಸೀಲಿಂಗ್ ಕಾಗದದ ಮಾತಲ್ಲ. ಇದೇ ನಂಬಿಕೆ ಇನ್ನೊಂದು ಮನೆಯಲ್ಲಿ ಬೇರೆ ರೀತಿ ಕೆಲಸ ಮಾಡುತ್ತದೆ. ಮಗ ಚರ್ಚ್ ಬಿಟ್ಟ ಎಂದಾಗ ತಾಯಿ ಅವನು ಸತ್ತನೇನೋ ಎಂಬಂತೆ ಅಳುತ್ತಾಳೆ. ಆ ಲೋಕದ ಊಟದ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇರುತ್ತದೆ ಎಂಬ ಭಯ ಅವಳಿಗೆ. ಆ ಭಯ ಅವಳದ್ದು, ಹೊರೆ ಮಗನ ಮೇಲೆ.

ನಿಮ್ಮ ತಂಗಿಗೆ ಬರೋಣ. ಅವಳು ಮತಕ್ಕೆ ಸೇರದೆ ಇದ್ದರೆ ಟೆಂಪಲ್ ಮದುವೆ ಆಗುವುದಿಲ್ಲ. ಸಿವಿಲ್ ಮದುವೆಗೆ ಅಡ್ಡಿ ಇಲ್ಲ, ಹುಡುಗನನ್ನು ಹೊರಗೂ ಹಾಕುವುದಿಲ್ಲ. ಸೇರಿದರೂ ದೀಕ್ಷಾಸ್ನಾನವಾಗಿ ಒಂದು ವರ್ಷ ಕಾಯಬೇಕು. ಬೆಂಗಳೂರಿನಲ್ಲೂ ಟೆಂಪಲ್ ಕಟ್ಟುತ್ತೇವೆ ಎಂದು 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಹಾಕಿದ್ದಾರೆ. ಊರಿಗೆ ಹತ್ತಿರ ಅಂತ ನಿಯಮವೇನೂ ಬದಲಾಗುವುದಿಲ್ಲ, ನಿಮ್ಮ ಅಪ್ಪ ಅಮ್ಮ ಅಲ್ಲೂ ಹೊರಗೇ.

ಅವಳು ಹುಡುಗನನ್ನು ಈಗಲೇ, ಪ್ರೀತಿಯಿಂದಲೇ ಕೂರಿಸಿಕೊಂಡು ಕೇಳಲಿ. ನಾನು ಕೊನೆಯವರೆಗೂ ಸೇರದಿದ್ದರೆ ನಿನಗೆ ಸರಿಯಾ? ನಿನ್ನ ಅಮ್ಮನಿಗೆ ಅದನ್ನು ನೀನೇ ಹೇಳುತ್ತೀಯಾ? ಎಂಟು ವರ್ಷಕ್ಕೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಬೇಕಾ ಬೇಡವಾ ಎಂದು ಯಾರು ತೀರ್ಮಾನಿಸುವುದು? ಸೇರಿದ ಮೇಲೆ ನನಗೆ ನಂಬಿಕೆ ಹೋದರೆ? ಮೊದಲ ಮದುವೆ ನಮ್ಮಿಬ್ಬರ ಮನೆಯವರ ಮುಂದೆ, ಆಮೇಲೆ ಬೇಕಾದರೆ ಟೆಂಪಲ್ ಎಂದು ಈಗಲೇ ಮಾತು ಕೊಡುತ್ತೀಯಾ? 'ಆಮೇಲೆ ನೋಡೋಣ' ಎಂದರೆ ಒಪ್ಪಬೇಡ ಎಂದು ಹೇಳಿ. ನಾನು ನೋಡಿದ ಇಂಥ ಮದುವೆಗಳಲ್ಲಿ ಆ ಆಮೇಲೆ ಬರುವುದು ಮೊದಲ ಮಗು ಹುಟ್ಟಿದಾಗ. ಅಷ್ಟು ಹೊತ್ತಿಗೆ ಅವಳು ಒಬ್ಬಂಟಿ, ಅವನ ಹಿಂದೆ ಇಡೀ ಊರು.

ತಂಗಿ ಈ ಕಡೆಯೇ ಇದ್ದರೆ ನನಗೆ ಮೆಸೇಜ್ ಮಾಡಲು ಹೇಳಿ. ಪಕ್ಕದ ಮನೆಯವರೂ ಅವಳ ಜೊತೆ ಮಾತಾಡುತ್ತೇನೆ ಎಂದಿದ್ದಾರೆ. ಅವರಿಗೆ ಕಾಫಿ ಇಲ್ಲ, ಇವತ್ತಿಗೂ ಮುಟ್ಟುವುದಿಲ್ಲ. ಬಾದಾಮಿ ಹಾಲು ಮಾಡಿಕೊಡುತ್ತೇನೆ.