ಕ್ಯಾನ್ಸಸ್ ಯೂನಿವರ್ಸಿಟಿ ಸೇರುವ ಮುಂಚೆ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಟೀಮ್ ಗೆದ್ದ ವರ್ಷಗಳನ್ನೆಲ್ಲ ಬಾಯಿಪಾಠ ಮಾಡಬೇಕಾ?

ಬೇಡ. ನಾನು ಮಾಡಿದ್ದೆ. ಅದರಿಂದಲೇ ಒಂದು ಕೆಲಸ ತಪ್ಪಿತು.

ಎಂ.ಎಸ್.ಗೆ ಆ ಯೂನಿವರ್ಸಿಟಿ ಇರುವ ಲಾರೆನ್ಸ್ ಊರಿಗೆ ಹೊರಟಿದ್ದೇನೆ, ಅಲ್ಲಿ ಎಲ್ಲರೂ ಬ್ಯಾಸ್ಕೆಟ್‌ಬಾಲ್ ಮಾತೇ ಆಡುತ್ತಾರಂತೆ, ಪೆದ್ದನ ಹಾಗೆ ನಿಲ್ಲಬಾರದು ಅಂತ ಸೀನಿಯರ್ ಒಂದು ಪಟ್ಟಿ ಕಳಿಸಿದ್ದಾರೆ ಎಂದು ಬರೆದಿದ್ದೀರಿ. ಟೀಮ್ ರಾಷ್ಟ್ರೀಯ ಚಾಂಪಿಯನ್ ಆದ ವರ್ಷಗಳ ಆ ಪಟ್ಟಿ ನನ್ನ ಹತ್ತಿರವೂ ಇತ್ತು. 1922, 1923, 1952, 1988, 2008. ಈಗ ಅದಕ್ಕೆ 2022 ಸೇರಿರುತ್ತೆ, ಅಷ್ಟೇ.

ನಾನು ಅಲ್ಲಿದ್ದಾಗ ಹೊಸ ವಿದ್ಯಾರ್ಥಿಗಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಕ್ಯಾಂಪಸ್ ಸುತ್ತಿಸಿ ತೋರಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದೆ. ನಮ್ಮ ವೀಸಾದಲ್ಲಿ ಹೊರಗೆ ದುಡಿಯೋ ಹಾಗಿಲ್ಲ, ಕ್ಯಾಂಪಸ್ ಒಳಗಿನ ಕೆಲಸವೇ ಗತಿ. ಇದು ಸಿಕ್ಕರೆ ದಿನಸಿ ಖರ್ಚು, ಫೋನ್ ಬಿಲ್ ಎರಡೂ ಕಳೆಯುತ್ತಿತ್ತು. ಆಯ್ಕೆಯ ದಿನ ನಮ್ಮನ್ನು ಟೀಮ್ ಆಡುವ ಕ್ರೀಡಾಂಗಣ ಅಲೆನ್ ಫೀಲ್ಡ್‌ಹೌಸ್ ಮುಂದೆ, ಹಳೆಯ ಕೋಚ್ ಫಾಗ್ ಅಲೆನ್ ಪ್ರತಿಮೆಯ ಹತ್ತಿರ ನಿಲ್ಲಿಸಿ, ಟೀಮಿನ ಕತೆ ಹೇಳಿ ಅಂದರು. ನಾನು ಶುರು ಹಚ್ಚಿಕೊಂಡೆ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರೇ 1898ರಲ್ಲಿ ಇಲ್ಲಿಗೆ ಬಂದರು, ಗೆಲುವಿನ ಪರಂಪರೆಗೆ ಅಡಿಪಾಯ ಹಾಕಿದರು, ಇಲ್ಲಿ ಸೋತಿದ್ದೇ ಅಪರೂಪ.

ಕೇಳುತ್ತಿದ್ದ ಹಿರಿಯರೊಬ್ಬರು ನಕ್ಕರು. ನೈಸ್ಮಿತ್ ಗೆದ್ದಿದ್ದು 55 ಪಂದ್ಯ, ಸೋತಿದ್ದು 60. ಕ್ಯಾನ್ಸಸ್ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವುದು ಅವರೊಬ್ಬರಿಗೇ. ಲಾರೆನ್ಸ್‌ನ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಊರಿನ ನೆಚ್ಚಿನ ಜೋಕ್ ಅಂತಲೇ ಹೇಳಬಹುದು.

ಇದು ನನಗೆ ಹೇಗೆ ತಪ್ಪಿಹೋಯಿತು ಅಂತ ವಿವರವಾಗಿ ಹೇಳಲೇಬೇಕು, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಆ ಅಂಕಿ ನನ್ನ ಕಣ್ಣಿಗೆ ಬಿದ್ದಿತ್ತು! ನೋಟ್‌ಬುಕ್‌ನಲ್ಲಿ 'ನೈಸ್ಮಿತ್ 55-60' ಅಂತ ನಾನೇ ಗೀಚಿದ್ದೆ. ಹಿಂದಿನ ರಾತ್ರಿ ಓದುವಾಗ ಅದು 1955ರಿಂದ 60 ಅಂತ ಅನ್ನಿಸಿತು. ಪುಟದ ತುಂಬ ಇಸವಿಗಳೇ ಇದ್ದವಲ್ಲ. ನೈಸ್ಮಿತ್ ತೀರಿಕೊಂಡಿದ್ದು 1939ರಲ್ಲಿ. ಹಾಗಾದರೆ ಇದು ತಪ್ಪು ಎಂದುಕೊಂಡು ಸಾಲನ್ನು ಹೊಡೆದುಹಾಕಿದೆ. ಒಂದು ಸಲ ಮತ್ತೆ ನೋಡಬಹುದಿತ್ತು, ನೋಡಲಿಲ್ಲ. ಆಟ ಕಂಡುಹಿಡಿದವನು ಸೋತಾನೆಯೇ ಎಂಬ ನಂಬಿಕೆ ಗಟ್ಟಿಯಾಗಿ ಕೂತಿತ್ತು. ಪಟ್ಟಿಯಲ್ಲಿ ಗೆಲುವು ಮಾತ್ರ ಇದ್ದರೆ ಮಧ್ಯದ ಖಾಲಿ ಜಾಗವನ್ನೂ ತಲೆ ಗೆಲುವಿನಿಂದಲೇ ತುಂಬಿಬಿಡುತ್ತದೆ. ಇಸವಿ ಗೊಂದಲ ಆಮೇಲಿನದು. ಮೂಲ ತಪ್ಪು ಆ ಪಟ್ಟಿಯನ್ನು ಇತಿಹಾಸ ಅಂದುಕೊಂಡಿದ್ದು.

ಸರಿ, ನೈಸ್ಮಿತ್ ಯಾಕೆ ಸೋತರು? ಅವರಿಗೆ ಕೋಚಿಂಗ್‌ನಲ್ಲಿ ಆಸಕ್ತಿಯೇ ಇರಲಿಲ್ಲ. ಅವರು ಬಂದಿದ್ದು ಪ್ರಾರ್ಥನಾ ಮಂದಿರ ನೋಡಿಕೊಳ್ಳಲು ಮತ್ತು ವ್ಯಾಯಾಮ ಕಲಿಸಲು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಆಟ ಶುರು ಮಾಡಿದ್ದು ಚಳಿಗಾಲದಲ್ಲಿ ಒಳಗೇ ಆಡಲು ಹುಡುಗರಿಗೆ ಏನಾದರೂ ಬೇಕಿತ್ತು ಅಂತ. 1899ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಮೊದಲ ಪಂದ್ಯ, ಕ್ಯಾನ್ಸಸ್ ಸಿಟಿಯ ವೈ.ಎಂ.ಸಿ.ಎ. ಎದುರು. 16–5ರಿಂದ ಸೋಲು. ಶಿಷ್ಯ ಫಾಗ್ ಅಲೆನ್ ಬೇರೆ ಕಾಲೇಜಿಗೆ ಕೋಚ್ ಆಗಿ ಹೊರಟಾಗ, ಈ ಆಟವನ್ನು ಆಡಬೇಕಪ್ಪಾ, ಇದಕ್ಕೆ ಕೋಚ್ ಯಾಕೆ ಎಂದು ಗುರು ನಕ್ಕರಂತೆ. ಅದೇ ಅಲೆನ್ ಕ್ಯಾನ್ಸಸ್‌ಗೆ 590 ಪಂದ್ಯ ಗೆಲ್ಲಿಸಿಕೊಟ್ಟರು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಆಟವನ್ನು ಸೇರಿಸಲು ಓಡಾಡಿದವರಲ್ಲೂ ಅವರಿದ್ದರು. ನೈಸ್ಮಿತ್ ಬರ್ಲಿನ್‌ಗೆ ಹೋಗಿ ನೋಡಿ ಬಂದರು.

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ವರ್ಷ 1957. ನನ್ನ ಪ್ರಕಾರ ಅದು ಗೆದ್ದ ಯಾವ ವರ್ಷಕ್ಕಿಂತಲೂ ದೊಡ್ಡದು. ಮುಂದೆ ಬ್ಯಾಸ್ಕೆಟ್‌ಬಾಲ್ ದಿಗ್ಗಜನಾದ ವಿಲ್ಟ್ ಚೇಂಬರ್ಲೇನ್‌ನನ್ನು ಟೀಮಿಗೆ ಕರೆತಂದಿದ್ದು ಅಲೆನ್. ಆಗ ಮೊದಲ ವರ್ಷದವರು ಮುಖ್ಯ ಟೀಮಿಗೆ ಆಡುವಂತಿರಲಿಲ್ಲ. ವಿಲ್ಟ್ ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಅಲೆನ್‌ಗೆ 70 ತುಂಬಿತ್ತು, ನಿಯಮದಂತೆ ನಿವೃತ್ತಿ. ಮೊದಲ ಪಂದ್ಯದಲ್ಲೇ ವಿಲ್ಟ್ 52 ಪಾಯಿಂಟ್ ಹೊಡೆದ. ಆ ಸೀಸನ್‌ನ ಫೈನಲ್ ನಡೆದಿದ್ದು ಕ್ಯಾನ್ಸಸ್ ಸಿಟಿಯಲ್ಲಿ, ಮನೆಯ ಪಕ್ಕದಲ್ಲೇ. ನಾರ್ತ್ ಕ್ಯಾರೊಲಿನಾ ಎದುರು ಮೂರು ಸಲ ಹೆಚ್ಚುವರಿ ಸಮಯ ಹೋಯಿತು. ಕೊನೆಗೆ 54–53. ಒಂದೇ ಪಾಯಿಂಟ್‌ನಲ್ಲಿ ಸೋಲು. ವಿಲ್ಟ್‌ಗೆ ಆ ಸೋಲು ದಶಕಗಟ್ಟಲೆ ಚುಚ್ಚಿತು. 1998ರಲ್ಲಿ ಜೆರ್ಸಿ ಗೌರವಕ್ಕೆ ಮತ್ತೆ ಫೀಲ್ಡ್‌ಹೌಸ್‌ಗೆ ಬಂದಾಗ ಹಳೆಯ ಕಾಲೇಜು ಜಾಕೆಟ್ ಹಾಕಿಕೊಂಡು ಆ ಪಂದ್ಯದ ಮಾತೇ ಎತ್ತಿದ. ಇದು ಗೊತ್ತಿದ್ದರೆ 2022ರ ಫೈನಲ್ ಬೇರೆ ಥರ ಕಾಣುತ್ತೆ. ಎದುರಾಳಿ ಅದೇ ನಾರ್ತ್ ಕ್ಯಾರೊಲಿನಾ. ಅರ್ಧ ಆಟಕ್ಕೆ 40–25ರಿಂದ ಹಿಂದೆ, ಕೊನೆಗೆ 72–69ರಿಂದ ಗೆಲುವು. ಇಲ್ಲಿ ಬೆಳಿಗ್ಗೆ ಕಾಫಿ ಹಿಡಿದು ನೋಡುತ್ತಿದ್ದವನು ಕುಡಿಯೋದನ್ನೇ ಮರೆತೆ.

1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು ಅಂತಷ್ಟೇ ಗೊತ್ತಿದ್ದು, ಸತತ 15 ಸಲ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿದ್ದು ಗೊತ್ತಿಲ್ಲದಿದ್ದರೆ ಏನು ಗೊತ್ತಿದ್ದ ಹಾಗಾಯಿತು ಹೇಳಿ?

1988ರದ್ದೂ ಹಾಗೇ. ಆ ಟೀಮ್ 11 ಪಂದ್ಯ ಸೋತು ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ಡ್ಯಾನಿ ಮ್ಯಾನಿಂಗ್ ಒಬ್ಬನದೇ 31 ಪಾಯಿಂಟ್, 18 ರೀಬೌಂಡ್ (ಬುಟ್ಟಿಗೆ ಬೀಳದೆ ಹಿಂದೆ ಬಂದ ಚೆಂಡನ್ನು ಹಿಡಿಯೋದು). ಮುಂದಿನ ವರ್ಷ ಆಟಗಾರರನ್ನು ಸೇರಿಸಿಕೊಳ್ಳುವ ನಿಯಮ ಮುರಿದಿದ್ದಕ್ಕೆ ಟೂರ್ನಿಗೆ ಬರಲೇಬೇಡಿ ಎಂದರು. ಸೀನಿಯರ್ ಪಟ್ಟಿಯಲ್ಲಿ ಇದು ಇದೆಯಾ? ಇರಲ್ಲ. ಮೊನ್ನೆ 2023ರಲ್ಲೂ ಹಳೆಯ ಒಂದು ಸೀಸನ್‌ನ ಗೆಲುವುಗಳನ್ನು ದಾಖಲೆಯಿಂದ ತೆಗೆದರು.

ಮತ್ತೆ ಜಾನ್ ಮೆಕ್‌ಲೆಂಡನ್. 1930ರ ದಶಕದಲ್ಲಿ ಅಲ್ಲಿ ಓದಿದ ಕಪ್ಪು ಜನಾಂಗದ ಹುಡುಗ. ಟೀಮಿನಲ್ಲಿ ಅವರಂಥವರಿಗೆ ಜಾಗ ಇರಲಿಲ್ಲ. ಆಡಲು ಬಿಡಲಿಲ್ಲ, ಆದರೆ ನೈಸ್ಮಿತ್ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮುಂದೆ ಟೆನೆಸೀಯ ಕಾಲೇಜೊಂದನ್ನು 1957, 58, 59ರಲ್ಲಿ ಸಾಲಾಗಿ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಕೋಚಿಂಗ್ ಬೇಡ ಎಂದ ಮನುಷ್ಯ ಅಲೆನ್, ಮೆಕ್‌ಲೆಂಡನ್ ಇಬ್ಬರಿಗೂ ಗುರು. ಅವರ 60 ಸೋಲನ್ನು ನಾನು ಈಗ ಹಾಗೇ ನೋಡೋದು. ಅಲೆನ್ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಕೆಂಟಕಿಗೂ, ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾಗೂ ಕೋಚ್ ಆದರು. ಎದುರಾಳಿಗಳನ್ನೂ ಇವರೇ ಬೆಳೆಸಿದ್ದು, ಅಲ್ವಾ?

ಬೆರೆಯೋಕೆ ಇತಿಹಾಸ ಬೇಕು ಅನ್ನೋದನ್ನೇ ನಾನು ಒಪ್ಪಲ್ಲ. ಅಲ್ಲಿನವರಿಗೆ ಕತೆ ಹೇಳೋಕೆ ಇಷ್ಟ. ನೀವು ಸುಮ್ನೆ "ವಿಲ್ಟ್ ಯಾಕೆ ಸೋತ?" ಅಂತ ಕೇಳಿ ನೋಡಿ, ಊಟದ ಹೊತ್ತು ಮುಗಿದರೂ ಬಿಡಲ್ಲ. ನೈಸ್ಮಿತ್ ಟೈಪ್ ಮಾಡಿಸಿದ ಮೂಲ 13 ನಿಯಮಗಳ ಹಾಳೆ ಈಗ ಫೀಲ್ಡ್‌ಹೌಸ್ ಪಕ್ಕದ ಡೀಬ್ರೂಸ್ ಸೆಂಟರ್‌ನಲ್ಲಿದೆ. 2010ರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು 43 ಲಕ್ಷ ಡಾಲರ್ ಕೊಟ್ಟು ಹರಾಜಿನಲ್ಲಿ ಕೊಂಡಿದ್ದು. ಮೊದಲ ವಾರವೇ ಹೋಗಿ ನೋಡಿ.

ವಿದ್ಯಾರ್ಥಿ ಟಿಕೆಟ್ ತಗೊಳ್ಳಿ, ದುಡ್ಡು ದಂಡ ಆಗಲ್ಲ. ಒಳ್ಳೆಯ ಸೀಟಿಗೆ 'ಕ್ಯಾಂಪಿಂಗ್' ಗುಂಪು ಸೇರಬೇಕು. ಬೆಳಿಗ್ಗೆ 6ಕ್ಕೆ ಲಾಟರಿ ಎತ್ತುತ್ತಾರೆ, ಆಮೇಲೆ ಗುಂಪಿನ ಯಾರಾದರೂ ಒಬ್ಬರು ಅಲ್ಲೇ ಕಾಯುತ್ತಿರಬೇಕು. ಹೆಸರು ಕೂಗಿದಾಗ ಯಾರೂ ಇಲ್ಲದಿದ್ದರೆ ಇಡೀ ಗುಂಪಿನ ಸರದಿ ಹೋಯಿತು. ಲ್ಯಾಬ್ ಇರುವ ದಿನ ನಿಮ್ಮ ಪಾಳಿ ಹಾಕಿಸಿಕೊಳ್ಳಬೇಡಿ.