ಓಡಬಲ್ಲ ಬುಲ್‌ಡಾಗ್

ಪ್ರಶ್ನೆ: ಏದುಸಿರು ಬಿಡದೆ ಓಡುವ ಬುಲ್‌ಡಾಗ್ ತಳಿ ಇದೆಯೇ? ನೋಂದಣಿ ಆಗುತ್ತದೆಯೇ?

ಉತ್ತರ: ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಡೇವಿಡ್ ಲೆವಿಟ್ 1971ರಲ್ಲಿ ಶುರುಮಾಡಿದ ‘ಓಲ್ಡ್ ಇಂಗ್ಲಿಷ್ ಬುಲ್‌ಡಾಗ್’ (Olde English Bulldogge). ಬೆರಕೆಯಲ್ಲಿ ಅರ್ಧ ಇಂಗ್ಲಿಷ್ ಬುಲ್‌ಡಾಗ್. ಉಳಿದರ್ಧದಲ್ಲಿ ಬುಲ್‌ಮಾಸ್ಟಿಫ್, ಪಿಟ್‌ಬುಲ್, ಅಮೆರಿಕನ್ ಬುಲ್‌ಡಾಗ್ ಸಮಪಾಲು. ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಯುನೈಟೆಡ್ ಕೆನಲ್ ಕ್ಲಬ್ 2014ರಲ್ಲಿ ಮಾನ್ಯತೆ ಕೊಟ್ಟಿತು. ಇದೇ ಬೆರಕೆಯನ್ನು ಮನೆಯಲ್ಲಿ ಮಾಡಿದರೆ ಆ ಹೆಸರು ಸಿಗದು. ತಾಯಿ–ತಂದೆ ಎರಡೂ ನೋಂದಾಯಿತ ನಾಯಿಗಳಾಗಿರಬೇಕು.

ನೋಂದಣಿ ಕಾಗದ ಇದ್ದಮಾತ್ರಕ್ಕೆ ಆರೋಗ್ಯ ಖಾತರಿಯಲ್ಲ. ಜೋಡಿ ಮಾಡುವ ಮುನ್ನ ಸೊಂಟದ ಎಕ್ಸ್‌ರೇ ತೆಗೆಸಿ. ನಾಯಿಯನ್ನು 3 ನಿಮಿಷ ಚುರುಕಾಗಿ ನಡೆಸಿ, ಮೊದಲೂ ಆಮೇಲೂ ಪಶುವೈದ್ಯರು ಗಂಟಲಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಲಿ. ನಡೆದ ಮೇಲೆ ಗೊರಗೊರ ಸದ್ದು ಜೋರಾದರೆ, ಮೂಗಿನ ಹೊಳ್ಳೆ ಬರೀ ಗೀರಿನಂತಿದ್ದರೆ, ಎಷ್ಟೇ ಚೆಂದವಿದ್ದರೂ ಅದರಿಂದ ಮರಿ ಬೇಡ.